ಚಲಿಸುವ ಮನೆಗೆ ಸೂರ್ಯನೇ ದೀವಟಿಗೆ

ಮನೆಯೆಂದರೆ ನೆಲದಲ್ಲಿ ಅಸ್ತಿಭಾರವೂರಿ ನಿಂತದ್ದು ಎಂಬುದು ಲೋಕರೂಢಿ. ಆದರೆ ಅಡಿಗೆಯ ಮನೆ, ಮಲಗುವ ಕೋಣೆ, ಬಚ್ಚಲು ಎಲ್ಲವನ್ನೂ ಹೊಟ್ಟೆಯೊಳಗಿಟ್ಟುಕೊಂಡು ಹೆದ್ದಾರಿಯ ಮೇಲೆ ಓಡುವ ಮನೆಗಳೂ ಉಂಟು. ಅಮೆರಿಕದಲ್ಲಿ ಇವಕ್ಕೆ ಮೋಟಾರು ಮನೆಗಳೆಂದು ಹೆಸರು. ನೌಕರಿಯಿಂದ ನಿವೃತ್ತರಾದ ಹಿರಿಯರು ಅನೇಕರು ಚಳಿಗಾಲ ಬಂದೊಡನೆ ಉತ್ತರದ ಹಿಮವನ್ನು ಬಿಟ್ಟು, ಇಂತಹ ಮನೆಯೊಡನೆ ದಕ್ಷಿಣಕ್ಕೆ ಹೊರಡುವರು. ಋತುವನ್ನರಿತು ಹೋಗಿಬರುವ ಇವರಿಗೆ ಅಲ್ಲಿನ ಜನ ‘ಹಿಮದ ಹಕ್ಕಿಗಳು’ ಎಂದೇ ಹೆಸರಿಟ್ಟಿದ್ದಾರೆ.

ಅರಿಜೋನಾ ರಾಜ್ಯದ ಪಶ್ಚಿಮದಂಚಿನ ಮರುಭೂಮಿಯಲ್ಲಿ ಕ್ವಾರ್ಟ್‌ಸೈಟ್ ಎಂಬ ಸಣ್ಣ ಊರಿದೆ. ಅದರ ಪಕ್ಕದ ಲಾ ಪೋಸಾ ಬಯಲು ಸರ್ಕಾರದ ಭೂಮಿ. ಇಂತಹ ಬಯಲುಗಳಲ್ಲಿ ದೀರ್ಘಕಾಲ ತಂಗುವವರಿಗಾಗಿ 1983ರಲ್ಲಿ ಒಂದು ವ್ಯವಸ್ಥೆ ಏರ್ಪಟ್ಟಿತು. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗಿನ ಏಳು ತಿಂಗಳು ಪರವಾನಗಿ ಪಡೆದವರು ಅಲ್ಲಿ ಬೀಡು ಬಿಡಬಹುದು. ಆಕಾಶ ವಿಶಾಲ, ಗಾಳಿ ನಿರ್ಮಲ, ಬಿಸಿಲು ಹಿತ. ಆದರೆ ಗಾಡಿಯ ಬಾಗಿಲವರೆಗೆ ವಿದ್ಯುತ್ ತಂತಿಯನ್ನು ತಂದುಕೊಡುವವರು ಯಾರೂ ಇಲ್ಲ. ದೀಪಕ್ಕೂ ನೀರೆತ್ತುವ ಪಂಪಿಗೂ ಶೀತಕಪೆಟ್ಟಿಗೆಗೂ ಬೇಕಾದ ವಿದ್ಯುತ್ತನ್ನು ಬೀಡುಬಿಟ್ಟವರೇ ಹುಟ್ಟಿಸಿಕೊಳ್ಳಬೇಕು. ಸದ್ದು ಮಾಡುವ ಎಣ್ಣೆಯಂತ್ರ ಒಂದು ದಾರಿ. ತಲೆಯ ಮೇಲೆ ಮೌನವಾಗಿ ಸಾಗುವ ಸೂರ್ಯ ಇನ್ನೊಂದು ದಾರಿ.

ಆಕಾಶದಿಂದ ಚಾವಣಿಗೆ

ಬೆಳಕು ಬಿದ್ದರೆ ವಿದ್ಯುತ್ತು ಹುಟ್ಟಬಲ್ಲುದೆಂಬ ಸಂಗತಿಯನ್ನು ಫ್ರಾನ್ಸಿನ ಎಡ್ಮಂಡ್ ಬೆಕರೆಲ್ 1839ರಲ್ಲಿ ಕಂಡುಕೊಂಡಾಗ ಆತ ಇನ್ನೂ ಹತ್ತೊಂಬತ್ತರ ತರುಣ. ಆ ಬೀಜ ಫಲ ಕೊಡಲು ನೂರು ವರ್ಷಗಳಿಗೂ ಮಿಕ್ಕ ಕಾಲ ಬೇಕಾಯಿತು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಚಾಪಿನ್, ಫುಲ್ಲರ್, ಪಿಯರ್ಸನ್ ಎಂಬ ಮೂವರು ಸಿಲಿಕಾನಿನಿಂದ ಮಾಡಿದ ಸೌರಕೋಶವನ್ನು ಲೋಕಕ್ಕೆ ತೋರಿಸಿದರು. ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಆರು ಪಾಲನ್ನು ಅದು ವಿದ್ಯುತ್ತಾಗಿ ಮಾರ್ಪಡಿಸುತ್ತಿತ್ತು. ಇಂದು ಅಂಗಡಿಯಲ್ಲಿ ದೊರೆಯುವ ಒಳ್ಳೆಯ ಫಲಕಗಳು ನೂರಕ್ಕೆ ಇಪ್ಪತ್ತು ಪಾಲನ್ನು ಮೀರಿವೆ.

ಸೌರಕೋಶಗಳನ್ನು ಹೊತ್ತು ದೂರದ ಪಯಣ ಹೊರಟ ಮೊದಲ ವಾಹನ ನೆಲದ ಮೇಲೆ ಓಡಲಿಲ್ಲ. 1958ರ ಮಾರ್ಚ್ 17ರಂದು ಹಾರಿದ ವ್ಯಾನ್‌ಗಾರ್ಡ್ 1 ಎಂಬ ಕೃತಕ ಉಪಗ್ರಹ ಅದು. ಅದರ ಬ್ಯಾಟರಿಯ ಪ್ರೇಷಕ ಕೆಲವೇ ವಾರಗಳಲ್ಲಿ ಮೂಕವಾಯಿತು. ಸೌರಕೋಶದ ಪ್ರೇಷಕವಾದರೋ 1964ರವರೆಗೂ ದನಿಗೈಯುತ್ತಲೇ ಇತ್ತು. ತಂತಿ ತಲುಪದ ಸ್ಥಳಕ್ಕೆ ಸೂರ್ಯನೇ ತಕ್ಕ ಜೊತೆಗಾರನೆಂಬುದು ಅಂದೇ ಸಿದ್ಧವಾಯಿತು.

ಗೃಹಿಣಿಯ ಲೆಕ್ಕದ ಪುಸ್ತಕ

ಈ ವಿದ್ಯೆಯ ಒಳಗುಟ್ಟನ್ನು ತಿಳಿಯಲು ಒಂದು ಕಲ್ಪನೆಯ ಸಂಸಾರವನ್ನು ಲಾ ಪೋಸಾ ಬಯಲಿಗೆ ಕಳುಹಿಸಿ ನೋಡಬಹುದು. ಗಂಡ ನಿವೃತ್ತ ಉಪಾಧ್ಯಾಯ. ಹೆಂಡತಿ ಮಧುಮೇಹದ ರೋಗಿ. ಗಾಡಿಯ ಶೀತಕಪೆಟ್ಟಿಗೆಯಲ್ಲಿ ಹಾಲು, ತರಕಾರಿಗಳ ಜೊತೆಗೆ ಎರಡು ತಿಂಗಳಿಗಾಗುವಷ್ಟು ಇನ್ಸುಲಿನ್ ಸೀಸೆಗಳಿವೆ. ತೆರೆಯದ ಸೀಸೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಆದುದರಿಂದ ಈ ಮನೆಯಲ್ಲಿ ವಿದ್ಯುತ್ತು ದೀಪದ ಸೊಗಸಿಗಾಗಿ ಮಾತ್ರವಲ್ಲ, ಪ್ರಾಣರಕ್ಷಣೆಗೂ ಬೇಕಾದುದು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯ ಸತ್ಯ ಇಲ್ಲಿಯಷ್ಟು ಬೇರೆಲ್ಲೂ ಕಾಣದು. ಗೃಹಿಣಿ ಮೊದಲು ಒಂದು ದಿನದ ಖರ್ಚನ್ನು ಬರೆದಿಟ್ಟಳು. ಶೀತಕಪೆಟ್ಟಿಗೆಯ ಯಂತ್ರ ಓಡುವಾಗ 45 ವಾಟ್. ದಿನದಲ್ಲಿ ಅರ್ಧ ಹೊತ್ತು ಓಡಿದರೆ 540 ವಾಟ್‌ಗಂಟೆ. ರಾತ್ರಿಯ ಚಳಿಗೆ ಅನಿಲದ ಒಲೆಯಿಂದ ಬಿಸಿಗಾಳಿಯನ್ನು ನೂಕುವ ಫ್ಯಾನಿಗೆ 330. ದೀಪಗಳಿಗೆ 60. ನೀರಿನ ಪಂಪಿಗೆ 20. ಫೋನು, ಲ್ಯಾಪ್‌ಟಾಪುಗಳಿಗೆ 150. ಒಟ್ಟು 1,100 ವಾಟ್‌ಗಂಟೆ.

ಇನ್ನು ಆದಾಯದ ಲೆಕ್ಕ. ಡಿಸೆಂಬರ್ ತಿಂಗಳ ಕೊನೆಯಲ್ಲಿ ಕ್ವಾರ್ಟ್‌ಸೈಟಿನ ನಡುಹಗಲಿನ ಸೂರ್ಯ ಕ್ಷಿತಿಜದಿಂದ 33 ಡಿಗ್ರಿಯಷ್ಟೇ ಮೇಲಿರುವನು. ಚಾವಣಿಯ ಮೇಲೆ ಮಟ್ಟಸವಾಗಿ ಮಲಗಿದ ಫಲಕಕ್ಕೆ ಅವನ ನೇರ ಕಿರಣದ ಬಲದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ದಕ್ಕುವುದು. ದಿನವಿಡೀ ಬಿದ್ದ ಬಿಸಿಲನ್ನೆಲ್ಲ ಒಟ್ಟುಗೂಡಿಸಿದರೆ ಪೂರ್ಣಬಲದ ಸುಮಾರು ಮೂರು ಗಂಟೆಗಳ ಬಿಸಿಲಿಗೆ ಸಮ. ಧೂಳು, ತಂತಿ, ಯಂತ್ರಗಳಲ್ಲಿ ಸೋರಿಹೋಗುವುದನ್ನು ಕಳೆದು ನೂರಕ್ಕೆ ಎಪ್ಪತ್ತು ಕೈಗೆ ಸಿಕ್ಕೀತು ಎಂದರೆ, 150 ವಾಟಿನ ನಾಲ್ಕು ಫಲಕಗಳಿಂದ ದಿನಕ್ಕೆ 1,260 ವಾಟ್‌ಗಂಟೆ. ಖರ್ಚು ಕಳೆದು ಉಳಿತಾಯ 160. ಸಂಸಾರ ತೂಗಿತು ಎಂದು ದಂಪತಿಗಳು ನಾಲ್ಕು ಫಲಕಗಳನ್ನು ಕೊಂಡು ತಂದರು.

ಸರಣಿಯೋ, ಸಮಾಂತರವೋ?

ಇಂತಹ ಒಂದೊಂದು ಫಲಕದಲ್ಲಿಯೂ 36 ಕೋಶಗಳು ಒಂದರ ಬಾಲಕ್ಕೆ ಇನ್ನೊಂದರ ತಲೆಯೆಂಬಂತೆ ಜೋಡಿಸಲ್ಪಟ್ಟಿರುತ್ತವೆ. ಕೋಶವೊಂದಕ್ಕೆ ಸುಮಾರು ಅರ್ಧ ವೋಲ್ಟಿನಂತೆ ಫಲಕ ದುಡಿಯುವಾಗ 18 ವೋಲ್ಟ್, 8.3 ಆಂಪಿಯರ್. ಏನನ್ನೂ ಜೋಡಿಸದೆ ಬರಿದೆ ಬಿಸಿಲಿಗಿಟ್ಟರೆ 22 ವೋಲ್ಟ್. ನಾಲ್ಕು ಫಲಕಗಳನ್ನು ಹೇಗೆ ಕೂಡಿಸಬೇಕೆಂಬ ಪ್ರಶ್ನೆ ಇಲ್ಲಿಂದ ಮೊದಲಾಗುತ್ತದೆ.

ಎಲ್ಲ ಫಲಕಗಳ ಧನ ತುದಿಗಳನ್ನು ಒಂದೆಡೆ, ಋಣ ತುದಿಗಳನ್ನು ಇನ್ನೊಂದೆಡೆ ಸೇರಿಸುವುದು ಸಮಾಂತರ ಜೋಡಣೆ. ಆಗ ವೋಲ್ಟೇಜು 18 ಆಗಿಯೇ ಉಳಿದು ಪ್ರವಾಹ 33 ಆಂಪಿಯರಿಗೆ ಏರುವುದು. ಒಂದರ ಧನಕ್ಕೆ ಮುಂದಿನದರ ಋಣವನ್ನು ಕಟ್ಟುತ್ತ ಹೋಗುವುದು ಸರಣಿ ಜೋಡಣೆ. ಆಗ ಪ್ರವಾಹ 8.3 ಆಗಿಯೇ ಉಳಿದು ವೋಲ್ಟೇಜು 72ಕ್ಕೆ ಏರುವುದು. ಎರಡರಲ್ಲಿಯೂ ಶಕ್ತಿ ಅದೇ 600 ವಾಟ್. ಹಾಗಾದರೆ ಭೇದವೆಲ್ಲಿ?

ಭೇದ ತಂತಿಯಲ್ಲಿದೆ. ತಂತಿಯಲ್ಲಿ ಬಿಸಿಯಾಗಿ ಹಾಳಾಗುವ ಶಕ್ತಿ ಪ್ರವಾಹದ ವರ್ಗಕ್ಕೆ ಅನುಗುಣವಾದುದು. ಪ್ರವಾಹ ಅರ್ಧವಾದರೆ ನಷ್ಟ ಕಾಲುಭಾಗಕ್ಕೆ ಇಳಿಯುವುದು. ಚಾವಣಿಯಿಂದ ನಿಯಂತ್ರಕಕ್ಕೆ ಆರು ಮೀಟರು, ಹೋಗಿಬರುವ ದಾರಿ ಹನ್ನೆರಡು ಮೀಟರು ಎಂದುಕೊಂಡರೆ, 6 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯಲ್ಲಿ ಸಮಾಂತರ ಜೋಡಣೆಗೆ ಸುಮಾರು 38 ವಾಟ್ ನಷ್ಟ. ಎರಡೆರಡು ಫಲಕಗಳನ್ನು ಸರಣಿಯಲ್ಲಿ ಕಟ್ಟಿ, ಆ ಎರಡು ಜೋಡಿಗಳನ್ನು ಸಮಾಂತರವಾಗಿ ಸೇರಿಸಿದರೆ ನಷ್ಟ ಒಂಬತ್ತೂವರೆ ವಾಟ್. ನಾಲ್ಕನ್ನೂ ಸರಣಿಯಲ್ಲಿ ಕಟ್ಟಿದರೆ ಎರಡೂವರೆ ವಾಟಿಗಿಂತ ಕಡಿಮೆ.

ಹೀಗಿದ್ದ ಮೇಲೆ ಸರಣಿಯೇ ಮೇಲಲ್ಲವೇ ಎನ್ನಬಹುದು. ಅಲ್ಲಿಯೂ ಒಂದು ತೊಡಕಿದೆ. ಚಳಿ ಹೆಚ್ಚಿದಂತೆ ಸಿಲಿಕಾನಿನ ವೋಲ್ಟೇಜು ಏರುತ್ತದೆ; ಡಿಗ್ರಿಯೊಂದಕ್ಕೆ ಸುಮಾರು ನೂರಕ್ಕೆ 0.3ರಷ್ಟು. ಫಲಕದ ಬೆನ್ನಿನ ಮೇಲೆ ಅಚ್ಚಾದ ಅಂಕಿಗಳು 25 ಡಿಗ್ರಿಗೆ ಸಂಬಂಧಿಸಿದವು. ನಾಲ್ಕು ಫಲಕಗಳ ಬರಿದಾದ ವೋಲ್ಟೇಜು 88. ನೀರು ಹೆಪ್ಪುಗಟ್ಟುವ ಮುಂಜಾವಿನಲ್ಲಿ ಅದೇ 94ನ್ನು ದಾಟುವುದು. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಬೆಟ್ಟದೂರಿನಲ್ಲಿ 100ನ್ನು ಮುಟ್ಟುವುದು. ನೂರು ವೋಲ್ಟಿಗೆ ಮಾತ್ರ ತಡೆಯಬಲ್ಲ ನಿಯಂತ್ರಕ ಆ ಮುಂಜಾವಿನಲ್ಲಿ ಸುಟ್ಟುಹೋದೀತು. ಮೇಲಾಗಿ 60 ವೋಲ್ಟನ್ನು ಮೀರಿದ ಏಕಮುಖ ವಿದ್ಯುತ್ತು ಮೈಗೆ ಅಪಾಯವೆಂದು ಎಣಿಸುವುದು ಬಲ್ಲವರ ರೂಢಿ.

ಸಮಾಂತರದಲ್ಲಿಯೂ ಬೇರೊಂದು ಎಚ್ಚರಿಕೆ ಬೇಕು. ನಾಲ್ಕರಲ್ಲಿ ಒಂದು ಫಲಕ ಒಳಗೇ ಕೆಟ್ಟು ತಂತಿಗೆ ತಂತಿ ತಾಗಿತೆಂದರೆ, ಉಳಿದ ಮೂರೂ ತಮ್ಮ 27 ಆಂಪಿಯರನ್ನು ಅದರ ಮೇಲೆ ಸುರಿಯುವುವು. ಸಾಮಾನ್ಯವಾಗಿ 15 ಆಂಪಿಯರಿಗೆ ಮಾತ್ರ ತಾಳುವ ಫಲಕ ಹೊತ್ತಿ ಉರಿಯುವ ಭಯವುಂಟು. ಆದುದರಿಂದ ಮೂರು ಅಥವಾ ಹೆಚ್ಚು ಸಾಲುಗಳನ್ನು ಸಮಾಂತರವಾಗಿ ಸೇರಿಸುವಲ್ಲಿ ಪ್ರತಿಯೊಂದು ಸಾಲಿಗೂ ಪ್ರತ್ಯೇಕ ಫ್ಯೂಸ್ ಅವಶ್ಯಕ. ಎರಡೇ ಸಾಲುಗಳಾದರೆ ಒಂದರ ಪ್ರವಾಹವನ್ನು ಇನ್ನೊಂದು ತಾಳಿಕೊಳ್ಳುವುದು.

ಇವೆಲ್ಲವನ್ನೂ ತೂಗಿನೋಡಿ ಉಪಾಧ್ಯಾಯರು ನಡುವಿನ ದಾರಿಯನ್ನು ಹಿಡಿದರು: ಎರಡೆರಡರ ಎರಡು ಜೋಡಿ. ತಂತಿಯೂ ಹಿತಮಿತ, ವೋಲ್ಟೇಜೂ ಹಿತಮಿತ.

ನೆರಳಿನ ಸಾಲ

ಲೆಕ್ಕ ಸರಿಯಿತ್ತು, ತಪ್ಪಿದ್ದು ಜಾಗದ ಆಯ್ಕೆಯಲ್ಲಿ. ಚಾವಣಿಯ ನಡುವೆ ಹವಾನಿಯಂತ್ರಣದ ಪೆಟ್ಟಿಗೆಯೊಂದು ಸುಮಾರು 30 ಸೆಂಟಿಮೀಟರ್ ಎತ್ತರಕ್ಕೆ ನಿಂತಿತ್ತು. ನೋಡಲು ಅಂದವಾಗಿರಲೆಂದು ಉಪಾಧ್ಯಾಯರು ಅದರ ಸುತ್ತ ನಾಲ್ಕು ಫಲಕಗಳನ್ನು ಸಮವಾಗಿ ಹೊಂದಿಸಿದರು. ಚಳಿಗಾಲದ ಸೂರ್ಯ ಕೆಳಗಿದ್ದಷ್ಟೂ ನೆರಳು ಉದ್ದ. ನಡುಹಗಲಿನಲ್ಲಿ ಅರ್ಧ ಮೀಟರಿನ ಒಳಗಿದ್ದ ನೆರಳು ಬೆಳಗಿನಲ್ಲಿ ಒಂದು ಮೀಟರನ್ನು ಮೀರಿ ಪಕ್ಕದ ಫಲಕದ ಮೇಲೆ ಮಲಗುತ್ತಿತ್ತು.

ಒಂದು ಮೂಲೆಯ ನೆರಳಿನಿಂದ ಏನು ಮಹಾ ನಷ್ಟ ಎನಿಸಬಹುದು. ಬಾವಿಯಿಂದ ಮನೆಯವರೆಗೆ ಸಾಲಾಗಿ ನಿಂತು ಕೈಯಿಂದ ಕೈಗೆ ಕೊಡ ದಾಟಿಸುವವರನ್ನು ನೆನೆಯಿರಿ. ಅವರಲ್ಲಿ ಒಬ್ಬ ಸೋತರೆ ಇಡೀ ಸಾಲೇ ನಿಧಾನವಾಗುತ್ತದೆ. ಸರಣಿಯಲ್ಲಿರುವ ಕೋಶಗಳ ಪಾಡೂ ಅದೇ. ಸೋತವನನ್ನು ಬಿಟ್ಟು ಕೊಡವನ್ನು ದಾಟಿಸಲೆಂದೇ ಫಲಕದ ಬೆನ್ನಿನ ಪೆಟ್ಟಿಗೆಯಲ್ಲಿ ಡಯೋಡುಗಳಿರುತ್ತವೆ. 36 ಕೋಶಗಳ ಫಲಕದಲ್ಲಿ ಸಾಮಾನ್ಯವಾಗಿ ಎರಡು. ಒಂದೊಂದು ಡಯೋಡು ಹದಿನೆಂಟು ಕೋಶಗಳ ಒಂದು ಗುಂಪನ್ನು ಕಾಯುತ್ತದೆ. ಗುಂಪಿನ ಒಂದು ಕೋಶಕ್ಕೆ ದಟ್ಟ ನೆರಳು ಬಿದ್ದರೆ ಡಯೋಡು ಆ ಗುಂಪನ್ನೇ ಬಳಸಿ ಪ್ರವಾಹವನ್ನು ಮುಂದಕ್ಕೆ ಬಿಡುತ್ತದೆ. ಹರಿವು ಉಳಿಯಿತು, ಆದರೆ ಆ ಗುಂಪಿನ ದುಡಿಮೆ ಹೋಯಿತು.

ಇಲ್ಲಿ ನೆರಳು ಎರಡೂ ಗುಂಪುಗಳನ್ನು ಮುಟ್ಟುತ್ತಿತ್ತು. ಫಲಕವೇ ಇಲ್ಲದಂತಾಯಿತು. ಅದರ ಜೋಡಿಯ ವೋಲ್ಟೇಜು 36ರಿಂದ 18ಕ್ಕೆ ಕುಸಿಯಿತು. 36 ವೋಲ್ಟಿನಲ್ಲಿ ದುಡಿಯುತ್ತಿದ್ದ ಇನ್ನೊಂದು ಜೋಡಿಗೂ ಇದಕ್ಕೂ ಹೆಜ್ಜೆ ಕೂಡಲಿಲ್ಲ. ನಾಲ್ಕೂ ಸಮಾಂತರವಾಗಿದ್ದರೆ, ಅಥವಾ ನಾಲ್ಕೂ ಸರಣಿಯಲ್ಲಿದ್ದರೆ ಹೋಗುತ್ತಿದ್ದುದು ಕಾಲುಭಾಗ. ಈ ನಡುದಾರಿಯ ಜೋಡಣೆಯಲ್ಲಿ ಒಂದು ಫಲಕದ ನೆರಳು ಒಟ್ಟು ದುಡಿಮೆಯ ಹತ್ತಿರ ಹತ್ತಿರ ಅರ್ಧವನ್ನೇ ನುಂಗಿತು. ನೆರಳು ನಡುಹಗಲಿಗೆ ಸರಿದುಹೋಗುತ್ತಿದ್ದುದರಿಂದ ದಿನದ ಲೆಕ್ಕದಲ್ಲಿ ನಷ್ಟ ನಾಲ್ಕನೆಯ ಒಂದು ಪಾಲು. ಕೈಗೆ ಬಂದದ್ದು 945, ಖರ್ಚು 1,100. ದಿನವೂ 155 ವಾಟ್‌ಗಂಟೆಯ ಸಾಲ.

ಅವರ ಬ್ಯಾಟರಿ 100 ಆಂಪಿಯರ್‌ಗಂಟೆಯ ಲಿಥಿಯಂ ಜಾತಿಯದು. ನಿಶ್ಚಿಂತೆಯಿಂದ ಬಳಸಬಹುದಾದದ್ದು ಸುಮಾರು 1,150 ವಾಟ್‌ಗಂಟೆ. ರಾತ್ರಿಯೊಂದಕ್ಕೆ 750 ಬೇಕು. ತುಂಬಿದ ಬ್ಯಾಟರಿಯೊಡನೆ ಮೊದಲ ರಾತ್ರಿ ಕಳೆದಾಗ ಉಳಿದದ್ದು 400, ಎರಡನೆಯ ಮುಂಜಾವಿಗೆ 245, ಮೂರನೆಯದಕ್ಕೆ 90. ನಾಲ್ಕನೆಯ ದಿನ ಇನ್ನೂ ಕತ್ತಲಿರುವಾಗಲೇ ಗೃಹಿಣಿಗೆ ಎಚ್ಚರವಾಯಿತು. ಸದ್ದಿನಿಂದಲ್ಲ, ಸದ್ದು ನಿಂತುದರಿಂದ. ಶೀತಕಪೆಟ್ಟಿಗೆಯ ಗುಂಯ್‌ಗುಡುವಿಕೆ ಅಡಗಿತ್ತು, ಬಿಸಿಗಾಳಿಯೂ ಬರುತ್ತಿರಲಿಲ್ಲ. ಆಕೆ ಕತ್ತಲಲ್ಲಿಯೇ ಪೆಟ್ಟಿಗೆಯ ಬಾಗಿಲು ತೆರೆದು ಸೀಸೆಗಳನ್ನು ಮುಟ್ಟಿನೋಡಿದಳು. ಅವು ಇನ್ನೂ ತಣ್ಣಗಿದ್ದುವು. ಗಂಡ ಗಾಡಿಯ ಎಂಜಿನನ್ನು ಹೂಡಿ ಬ್ಯಾಟರಿಗೆ ತುಸು ಜೀವ ತುಂಬಿದನು. ಒಂದು ಮುಂಜಾವಿನ ಲೋಪದಿಂದ ಔಷಧ ಕೆಡಲಿಲ್ಲ; ಆದರೆ ಎರಡು ತಿಂಗಳ ಮಾತೇನು?

“ನಾಲ್ಕು ಕಡೆಯೂ ಸಮವಾಗಿ ಕಾಣಲೆಂದು ಇಟ್ಟಿರಿ. ಸೂರ್ಯ ಆ ಅಂದವನ್ನು ನೋಡುವುದಿಲ್ಲ” ಎಂದು ಬೆಳಗಾದ ಮೇಲೆ ಆಕೆ ಚಾವಣಿಯ ಕಡೆ ನೋಡುತ್ತ ಹೇಳಿದಳು. ಉಪಾಧ್ಯಾಯರು ಮರುಮಾತಾಡದೆ ಏಣಿ ಹಾಕಿದರು. ಆ ಒಂದು ಫಲಕವನ್ನು ಬಿಚ್ಚಿ, ನೆರಳು ತಲುಪದ ಹಿಂತುದಿಗೆ ಒಯ್ದು ಕೂರಿಸಿದರು. ಅಂದಿನಿಂದ ಲೆಕ್ಕದ ಪುಸ್ತಕದಲ್ಲಿ ಸಾಲದ ಅಂಕಣ ಬರಿದಾಯಿತು.

ಮೊದಲು ಜಾಗ, ಆಮೇಲೆ ತಂತಿ. ಬಟ್ಟಬಯಲಿನಲ್ಲಿ ತಂಗುವವರಿಗೆ ಎರಡೆರಡರ ಜೋಡಿ ಒಪ್ಪುತ್ತದೆ; ಮರಗಳ ಕೆಳಗೆ, ಅರ್ಧ ನೆರಳು ಅರ್ಧ ಬಿಸಿಲಿನಲ್ಲಿ ತಂಗುವವರಿಗೆ ದಪ್ಪ ತಂತಿಯ ವೆಚ್ಚವಾದರೂ ಸಮಾಂತರವೇ ಲೇಸು. ಒಂದೇ ಜಾತಿಯ, ಒಂದೇ ಅಳತೆಯ ಫಲಕಗಳನ್ನು ಕೊಳ್ಳುವುದು ಎರಡಕ್ಕೂ ಹಿತ.

ಗಾಳಿ ಎತ್ತಿದ ಪ್ರಶ್ನೆ

ಫಲಕವನ್ನು ಕೂರಿಸುವುದು ತಂತಿ ಕಟ್ಟುವುದಕ್ಕಿಂತ ಹಗುರವಾದ ಕೆಲಸವೆಂದು ಬಗೆಯುವವರು ಗಾಳಿಯ ಲೆಕ್ಕವನ್ನು ಮರೆತವರು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಗಾಡಿ ಓಡುವಾಗ ಎದುರುಗಾಳಿ ಚದರ ಮೀಟರಿಗೆ ಸುಮಾರು 47 ಕಿಲೋಗ್ರಾಂ ಭಾರದಷ್ಟು ಒತ್ತಬಲ್ಲುದು. ಒಂದು ಚದರ ಮೀಟರಿನ ಫಲಕದ ತೂಕವೋ ಹತ್ತು ಹನ್ನೆರಡು ಕಿಲೋಗ್ರಾಂ. ವೇಗ ಅರ್ಧವಾದರೆ ಒತ್ತಡ ಕಾಲುಭಾಗಕ್ಕೆ ಇಳಿಯುವುದು, ನಿಜ. ಆದರೆ ಹೆದ್ದಾರಿಯಲ್ಲಿ ಎದುರಿನಿಂದ ಬಿರುಗಾಳಿಯೂ ಸೇರಿಕೊಳ್ಳಬಹುದು. ಕಳಚಿ ಹಾರಿದ ಫಲಕ ಹಿಂದೆ ಬರುವ ಕಾರಿನಲ್ಲಿರುವವರ ಪಾಲಿಗೆ ಗಾಜಿನ ಕೊಡಲಿ.

ಮೋಟಾರು ಮನೆಯ ಚಾವಣಿ ಕಾಂಕ್ರೀಟಿನದಲ್ಲ. ಎಷ್ಟೋ ಗಾಡಿಗಳಲ್ಲಿ ಅದು ತೆಳುವಾದ ಪ್ಲೈವುಡ್ಡಿನ ಮೇಲೆ ಅಂಟಿಸಿದ ರಬ್ಬರ್ ಹಾಳೆ. ಕೆಲವದರಲ್ಲಿ ಫೈಬರ್‌ಗ್ಲಾಸ್ ಅಥವಾ ಅಲ್ಯುಮಿನಿಯಂ. ರಬ್ಬರ್ ಹಾಳೆಯ ಚಾವಣಿಗೆ ಬರಿಯ ಅಂಟು ಸಾಲದು. ಅಂಟು ಹಿಡಿದರೂ ಹಾಳೆಯೇ ಪ್ಲೈವುಡ್ಡಿನಿಂದ ಎದ್ದು ಬರಬಹುದು. ಆದುದರಿಂದ ಇಂಗ್ಲಿಷಿನ ‘ಝಡ್’ ಅಕ್ಷರದಂತೆ ಮಡಿಸಿದ ಅಲ್ಯುಮಿನಿಯಂ ಕಾಲುಗಳನ್ನು, ಸಾಧ್ಯವಾದಲ್ಲಿ ಒಳಗಿನ ತೊಲೆಗಳಿಗೆ ತಾಗುವಂತೆ, ತಿರುಪುಮೊಳೆಗಳಿಂದ ಬಿಗಿಯುವರು. ಗಟ್ಟಿಯಾದ ಫೈಬರ್‌ಗ್ಲಾಸಿನ ಮೇಲಾದರೆ ರಂಧ್ರವಿಲ್ಲದೆ, ಪಾಲಿಯುರೆಥೇನ್ ಅಂಟಿನಿಂದಲೇ ಕೂರಿಸುವುದುಂಟು. ಆದರೆ ಎರಡು ಮೈಗಳೂ ಧೂಳು, ಮೇಣ, ಜಿಡ್ಡು ಇಲ್ಲದಂತೆ ಶುದ್ಧವಾಗಿರಬೇಕು, ಅಂಟು ಪೂರ್ತಿ ಗಟ್ಟಿಯಾಗುವವರೆಗೆ ಗಾಡಿ ಕದಲಬಾರದು. ರಬ್ಬರ್ ಹಾಳೆಯನ್ನು ಮಾತ್ರ ಪೆಟ್ರೋಲಿನ ಜಾತಿಯ ದ್ರವದಿಂದ ಒರಸಬಾರದು. ಅದು ಉಬ್ಬಿ ಕೆಡುತ್ತದೆ.

ಪ್ರತಿಯೊಂದು ತಿರುಪಿನ ರಂಧ್ರವೂ ಮಳೆನೀರಿಗೆ ಒಂದು ಆಹ್ವಾನ. ತಿರುಪು ಕೂರಿಸುವ ಮುನ್ನ ರಂಧ್ರದೊಳಗೂ, ಕೂರಿಸಿದ ಮೇಲೆ ಅದರ ತಲೆಯ ಮೇಲೂ ಚಾವಣಿಗೆ ತಕ್ಕ ಸೀಲಂಟನ್ನು ಧಾರಾಳವಾಗಿ ಮೆತ್ತಬೇಕು. ತಂತಿಗಳು ಒಳಗಿಳಿಯುವ ರಂಧ್ರಕ್ಕೆ ಮುಚ್ಚಳವಿರುವ ಪೆಟ್ಟಿಗೆಯನ್ನು ಅಂಟಿಸಿ, ತಂತಿ ಅದರ ಪಕ್ಕದಿಂದ ನುಸುಳುವಂತೆ ಮಾಡುವುದು ಕ್ರಮ. ಶೀತಕಪೆಟ್ಟಿಗೆಯ ಬಿಸಿಗಾಳಿಗೆಂದು ಚಾವಣಿಯಲ್ಲಿ ಮೊದಲೇ ಗವಾಕ್ಷಿಯಿರುವ ಗಾಡಿಗಳಲ್ಲಿ ತಂತಿಯನ್ನು ಅಲ್ಲಿಂದಲೇ ಇಳಿಸಿ ಹೊಸ ರಂಧ್ರವನ್ನು ಉಳಿಸುವ ಜಾಣರೂ ಉಂಟು.

ಫಲಕ ಚಾವಣಿಗೆ ಅಂಟಿಕೊಂಡಿರದೆ ನಾಲ್ಕು ಬೆರಳಿನಷ್ಟು ಮೇಲಿರುವುದು ಒಳ್ಳೆಯದು. ಬಿಸಿಲಿನಲ್ಲಿ ಫಲಕದ ಮೈ 65 ಡಿಗ್ರಿಗೂ ಏರಬಹುದು. ಆಗ ದುಡಿಮೆ ನೂರಕ್ಕೆ ಹದಿನಾಲ್ಕು ಹದಿನೈದರಷ್ಟು ತಗ್ಗುವುದು. ಕೆಳಗೆ ಗಾಳಿಯಾಡಿದರೆ ಆ ಸೆಕೆ ಕಡಿಮೆಯಾಗುವುದು. ಚಳಿಗಾಲದಲ್ಲಿ ಒಂದೆಡೆ ನಿಂತಿರುವವರು ಫಲಕವನ್ನು ದಕ್ಷಿಣಕ್ಕೆ ಓರೆಯಾಗಿ ಎತ್ತಿಟ್ಟರೆ ಸುಮಾರು ಒಂದೂವರೆ ಪಟ್ಟು ಫಲ ದೊರೆಯುತ್ತದೆ. ಆದರೆ ಬಿರುಗಾಳಿಗೆ ಮೊದಲು, ಹೊರಡುವುದಕ್ಕೆ ಮೊದಲು ಇಳಿಸಿ ಬಿಗಿಯಲು ಮರೆಯಬಾರದು.

ಕೈ ಸುಡದಂತೆ

ಬಿಸಿಲಿರುವವರೆಗೆ ಸೌರಫಲಕಕ್ಕೆ ‘ಆರಿಸು’ ಎಂಬ ಗುಂಡಿಯಿಲ್ಲ. ತಂತಿ ಕಟ್ಟುವಾಗ ಕಂಬಳಿಯನ್ನೋ ದಪ್ಪ ರಟ್ಟನ್ನೋ ಹೊದಿಸಬೇಕು. ಪ್ರವಾಹ ಹರಿಯುತ್ತಿರುವಾಗ ಕೂಡುತುದಿಗಳನ್ನು ಎಳೆದು ಬಿಡಿಸಬಾರದು. ಮನೆಯ ಪರ್ಯಾಯ ವಿದ್ಯುತ್ತು ಸೆಕೆಂಡಿಗೆ ನೂರು ಬಾರಿ ಸೊನ್ನೆಗೆ ಬಂದು ಹೋಗುವುದರಿಂದ ಅದರ ಕಿಡಿ ಬೇಗನೆ ಆರುತ್ತದೆ. ಏಕಮುಖ ವಿದ್ಯುತ್ತಿನ ಕಿಡಿಗೆ ಆ ಬಿಡುವಿಲ್ಲ, ಅದು ಉರಿಯುತ್ತಲೇ ಇರಬಲ್ಲುದು. ಫಲಕಗಳಿಗೂ ನಿಯಂತ್ರಕಕ್ಕೂ ನಡುವೆ ಏಕಮುಖ ವಿದ್ಯುತ್ತಿಗೆಂದೇ ಮಾಡಿದ ಸ್ವಿಚ್ಚೊಂದು ಇರತಕ್ಕದ್ದು ಅದಕ್ಕಾಗಿಯೇ.

ಜೋಡಿಸುವಾಗ ನಿಯಂತ್ರಕಕ್ಕೆ ಮೊದಲು ಬ್ಯಾಟರಿ, ಆಮೇಲೆ ಫಲಕ. ಬಿಚ್ಚುವಾಗ ಮೊದಲು ಫಲಕ, ಆಮೇಲೆ ಬ್ಯಾಟರಿ. 600 ವಾಟ್ ಬ್ಯಾಟರಿಯ ಕಡೆಗೆ ಇಳಿದಾಗ 46 ಆಂಪಿಯರಿನಷ್ಟಾಗುವುದರಿಂದ 50 ಆಂಪಿಯರಿನ ನಿಯಂತ್ರಕ, 60 ಆಂಪಿಯರಿನ ಫ್ಯೂಸ್, 16 ಚದರ ಮಿಲಿಮೀಟರಿನ ಗಿಡ್ಡ ತಂತಿ ಬೇಕು. ಆ ಫ್ಯೂಸ್ ಬ್ಯಾಟರಿಗೆ ಹತ್ತಿರವಿದ್ದಷ್ಟೂ ಕ್ಷೇಮ. ತಂತಿ ಎಲ್ಲಿಯೋ ಉಜ್ಜಿ ಗಾಡಿಯ ಕಬ್ಬಿಣಕ್ಕೆ ತಗುಲಿದರೆ ಬೆಂಕಿಯಿಕ್ಕುವುದು ಬಿಸಿಲಿಗಿಂತ ಹೆಚ್ಚಾಗಿ ಬ್ಯಾಟರಿಯೇ. ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ತುಂಬಬಾರದೆಂಬುದನ್ನೂ ನೆನಪಿಡಬೇಕು.

ವರ್ಷಕ್ಕೊಮ್ಮೆಯಾದರೂ ಏಣಿ ಹತ್ತಿ ಫಲಕದ ನಾಲ್ಕು ಮೂಲೆಗಳನ್ನು ಅಲುಗಿಸಿ ನೋಡಿ, ಬಿರಿದ ಸೀಲಂಟನ್ನು ಹೊಸದಾಗಿ ಬಳಿದು, ಧೂಳನ್ನು ಒರಸಿದರೆ ಈ ಯಂತ್ರಕ್ಕೆ ಬೇರೆ ಸೇವೆ ಬೇಡ.

ಲಾ ಪೋಸಾ ಬಯಲಿನಲ್ಲಿ ಇರುಳಾದಾಗ ಒಂದೊಂದು ಗಾಡಿಯ ಕಿಟಕಿಯಲ್ಲಿಯೂ ಒಂದೊಂದು ದೀಪ ಕಾಣುವುದು. ಕಲ್ಪನೆಯ ಆ ಗೃಹಿಣಿ ಮಲಗುವ ಮುನ್ನ ಬ್ಯಾಟರಿಯ ಅಂಕಿಯನ್ನು ಪುಸ್ತಕದಲ್ಲಿ ಬರೆದು, ದೀಪವಾರಿಸಿ, ಒಂದು ಗಳಿಗೆ ಕಿವಿಗೊಟ್ಟು ಕೇಳುವಳು. ಕತ್ತಲಲ್ಲಿ ಶೀತಕಪೆಟ್ಟಿಗೆ ಮೆಲ್ಲಗೆ ಗುಂಯ್‌ಗುಡುತ್ತಿರುವುದು. ಅದನ್ನು ಕೇಳಿಕೊಂಡು ಆಕೆ ನಿಶ್ಚಿಂತೆಯಿಂದ ಮಗ್ಗುಲಾಗುವಳು.